ಹುಣಸೆ ಎಲೆಯಷ್ಟು ಕಲೆ

ನಾನು ಒಂದು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತೇನೆ ಎಂದು ನನಗೆ ಹೇಳಿದವಳು ಗಂಗವ್ವ. ಮಂಡಕ್ಕಿ ಭಟ್ಟಿಯಲ್ಲಿ ನನ್ನ ಜೊತೆ ಕೆಲಸ ಮಾಡುವವಳು. ಅವತ್ತು ಮಧ್ಯಾಹ್ನ ಬುತ್ತಿ ಉಂಡು ಚೀಲಗಳ ಮೇಲೆ ಹತ್ತು ನಿಮಿಷ ಅಡ್ಡಾಗಿದ್ದೆ. ಎಚ್ಚರವಾದಾಗ ಅವಳು ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

"ಹುಸೇನಬಿ, ಹೇಳಬಾರದು, ಆದ್ರೂ ಹೇಳ್ತೀನಿ. ನಿನ್ನ ಬಲಗಣ್ಣು ಮುಚ್ಚಲ್ಲ. ನೊಣ ಬಂದು ಕೂತಿತ್ತು. ನಾನೇ ಓಡಿಸ್ದೆ" ಅಂದಳು.

ಹೇಳಬಾರದು ಎಂದು ಅವಳು ಅಂದದ್ದು ಸರಿ. ನಮ್ಮೂರಲ್ಲಿ ಒಬ್ಬರ ಮುಖದ ಮಾತನ್ನು ಹೊರಗಿನವರು ಎತ್ತುವಂತಿಲ್ಲ. ಅದು ಮನೆಯವರ ಕೆಲಸ. ನಮ್ಮೂರಿನವರ ಮುಖ ಕನ್ನಡಿಯಲ್ಲಿ ನಿಲ್ಲುವುದಿಲ್ಲ. ಉಟ್ಟ ಸೀರೆ ಕಾಣುತ್ತದೆ, ಬಳೆ ಕಾಣುತ್ತದೆ, ಹಿಂದಿನ ಗೋಡೆಯೂ ಗೋಡೆಯ ಮೇಲಿನ ಹಲ್ಲಿಯೂ ಕಾಣುತ್ತವೆ, ಕತ್ತಿನಿಂದ ಮೇಲೆ ಮಾತ್ರ ಏನೂ ಇರುವುದಿಲ್ಲ. ಫೋಟೋದಲ್ಲೂ ಅಷ್ಟೇ. ಮದುವೆ ಆಲ್ಬಮ್ಮಿನ ತುಂಬ ಸೀರೆ ಶರಟುಗಳ ಸಾಲು ಇರುತ್ತದೆ, ಕೆಳಗೆ ಯಾರು ಯಾರೆಂದು ಬರೆದಿರುತ್ತೇವೆ. ಮಕ್ಕಳಿಗೆ ಅವರ ಮುಖವನ್ನು ತಾಯಿ ಹೇಳುತ್ತಾಳೆ. ಮದುವೆಯಾದ ಮೇಲೆ ಗಂಡನಿಗೆ ಹೆಂಡತಿ ಹೇಳಬೇಕು, ಹೆಂಡತಿಗೆ ಗಂಡ ಹೇಳಬೇಕು. ಬೆಳಿಗ್ಗೆ ಎದ್ದವರು ಮೊದಲು ಇದನ್ನು ಮುಗಿಸಿ ಆಮೇಲೆ ಚಹಾಕ್ಕೆ ಇಡುತ್ತಾರೆ. ಕಣ್ಣು ಸ್ವಲ್ಪ ಊದೈತೆ, ಕೆನ್ನೆ ಮೇಲೆ ದಿಂಬಿನ ಗೆರೆ ಐತೆ, ಉಳಿದಿದ್ದು ನಿನ್ನೆಯಂಗೆ. ಇಷ್ಟೇ. ಯಾರೂ ಇಲ್ಲದವರು ಪುರಸಭೆಗೆ ಹೋಗಿ ಚಹರೆ ಗುಮಾಸ್ತರ ಹತ್ತಿರ ಕೇಳಿಕೊಂಡು ಬರುತ್ತಾರೆ.

ನನ್ನ ಮುಖ ಹೇಳುವವರು ನಮ್ಮನೆಯವರು, ಕಾಸೀಮಸಾಬರು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಕೆಲಸ ಅವರದು. ಎರಡು ವರ್ಷದ ಹಿಂದೆ ಭಟ್ಟಿಯಲ್ಲಿ ಜರಡಿಯ ಹಿಡಿ ಮುರಿದು ಕಾದ ಮರಳು ನನ್ನ ಮುಖದ ಬಲಗಡೆಗೆ ಸಿಡಿಯಿತು. ನಲವತ್ತು ದಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದೆ. ಪಟ್ಟಿ ಬಿಚ್ಚಿದ ದಿನ ಮಂಚದ ಪಕ್ಕ ನಿಂತಿದ್ದ ನಮ್ಮನೆಯವರನ್ನು, "ಹೆಂಗೈತ್ರೀ?" ಎಂದು ಕೇಳಿದೆ. ಅವರು ಬಹಳ ಹೊತ್ತು ನೋಡಿ, "ಕೆನ್ನೆ ಮೇಲೆ ಒಂದು ಕಲೆ ಐತೆ. ಹುಣಸೆ ಎಲೆಯಷ್ಟು. ಉಳಿದಿದ್ದು ಮೊದಲಿನಂಗೆ" ಅಂದರು. ಅವತ್ತಿನಿಂದ ದಿನಾ ಬೆಳಿಗ್ಗೆ ಅದನ್ನೇ ಹೇಳುತ್ತ ಬಂದರು, ನಾನೂ ಕೇಳಿಸಿಕೊಂಡು ಕೆಲಸಕ್ಕೆ ಹೋಗುತ್ತ ಬಂದೆ.

ನನಗೆ ಏನೂ ಗೊತ್ತಿರಲಿಲ್ಲ ಎಂದಲ್ಲ. ಮಜ್ಜಿಗೆ ಕುಡಿದರೆ ಬಲಗಡೆ ಸೋರುತ್ತದೆ ಎಂದು ಗೊತ್ತಿತ್ತು. ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ, ಗಂಗವ್ವ ಆ ಕಡೆಯಿಂದ ಕರೆದರೆ ಮೈಯೆಲ್ಲ ತಿರುಗಿಸಬೇಕು ಎಂದೂ ಗೊತ್ತಿತ್ತು. ಬೆರಳಿಗೆ ಉಬ್ಬು ತಗ್ಗು ಸಿಗುತ್ತಿದ್ದವು. ಆದರೆ ಅವೆಲ್ಲ ಸೇರಿ ಒಂದು ಮುಖವಾಗುತ್ತದೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಸೋರುವುದು ಬೇರೆ, ಬಿಗಿಯುವುದು ಬೇರೆ, ಹುಣಸೆ ಎಲೆ ಬೇರೆ ಎಂದುಕೊಂಡಿದ್ದೆ.

ಸಂಜೆ ಮನೆಗೆ ಬಂದು, ಬಲಗಣ್ಣು ಮುಚ್ಚುತ್ತದೋ ಇಲ್ಲವೋ ಎಂದು ನಮ್ಮನೆಯವರನ್ನು ಕೇಳಿದೆ. ಅವರು ದಾರ ಪೋಣಿಸುತ್ತಿದ್ದರು. "ಮುಚ್ಚುತ್ತೆ ಬಿಡು" ಎಂದು ಸೂಜಿಗೇ ಹೇಳಿದರು.

ಆದರೆ ಆ ಕಣ್ಣು ಕೆಲವು ತಿಂಗಳಿಂದ ಉರಿಯುತ್ತಿತ್ತು. ಬೆಳಿಗ್ಗೆ ಎದ್ದರೆ ಮರಳು ತುಂಬಿದಂತೆ ಇರುತ್ತಿತ್ತು. ಭಟ್ಟಿಯ ಮರಳೇ ಇರಬೇಕು ಎಂದು ತೊಳೆದುಕೊಳ್ಳುತ್ತಿದ್ದೆ. ಗಂಗವ್ವನ ಮಾತು ಕೇಳಿದ ಮೇಲೆ ತೊಳೆದರೆ ಹೋಗುವಂಥದ್ದಲ್ಲ ಅನ್ನಿಸಿತು. ಟ್ರಂಕಿನಿಂದ ಸರ್ಕಾರದ ಆರೋಗ್ಯ ಕಾರ್ಡು ತೆಗೆದೆ, ಮಾರನೆಯ ದಿನ ಭಟ್ಟಿಗೆ ರಜೆ ಹೇಳಿ ಹೊರಟೆ.

ಮೊದಲು ಬಸ್ ನಿಲ್ದಾಣದ ಎದುರಿನ ದೊಡ್ಡ ನರ್ಸಿಂಗ್ ಹೋಮಿಗೆ ಹೋದೆ. 'ಇಲ್ಲಿ ಆರೋಗ್ಯ ಕಾರ್ಡು ನಡೆಯುತ್ತದೆ' ಎಂದು ಗೇಟಿನ ಮೇಲೆ ಬರೆದಿತ್ತು.

"ಕಾರ್ಡು ನಡೀತೈತೇನ್ರಿ?" ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ.

"ನಡೀತೈತೆ. ಹೆರಿಗೆಗೆ, ಕಿಡ್ನಿ ಕಲ್ಲಿಗೆ, ಹರ್ನಿಯಾಕ್ಕೆ. ನಿಮ್ದೇನು?"

"ಸುಟ್ಟಿದ್ದು."

"ಯಾವಾಗ?"

"ಎರಡು ವರ್ಷ ಆತು."

"ಹಳೇ ಸುಟ್ಟಿದ್ದಕ್ಕೆ ಪ್ಲಾಸ್ಟಿಕ್ ಸರ್ಜನ್ ಬೇಕು. ನಮ್ಮಲ್ಲಿ ಇಲ್ಲ."

"ಪ್ಲಾಸ್ಟಿಕ್ ಹಾಕ್ತಾರೇನ್ರಿ?"

"ಹಾಕಲ್ಲ. ಹೆಸರು ಹಂಗೆ."

ಪ್ಲಾಸ್ಟಿಕ್ ಸರ್ಜನ್ ಎಂಬ ಬೋರ್ಡು ಪೇಟೆಬೀದಿಯಲ್ಲಿ ಇದೆ ಎಂದು ಆ ಹುಡುಗಿಯೇ ಹೇಳಿದಳು. ಅಲ್ಲಿ ಒಳಗೆ ತಣ್ಣಗಿತ್ತು. ಗಂಡ ಹೆಂಡಿರು ಜೋಡಿ ಜೋಡಿಯಾಗಿ ಕೂತಿದ್ದರು. ಗಂಡಂದಿರ ಕೈಯಲ್ಲಿ ನೋಟ್‌ಬುಕ್ಕು ಇತ್ತು, ಹೆಂಡತಿಯ ಮೂಗು ಎಲ್ಲಿ ಎಷ್ಟು ಕಡಿಮೆಯಾಗಬೇಕು ಎಂದು ಬರೆದುಕೊಂಡು ಬಂದಿದ್ದರು. ಒಬ್ಬ ಹೆಂಗಸು ತನ್ನ ಗಂಡನಿಗೆ, "ನಿನ್ನೆ ಉದ್ದ ಅಂದ್ರಿ, ಇವತ್ತು ಅಗಲ ಅಂತೀರಿ. ಒಂದು ಹೇಳ್ರಿ" ಎನ್ನುತ್ತಿದ್ದಳು. ಕೌಂಟರಿನಾಕೆ ನನ್ನ ಕಾರ್ಡನ್ನು ಮುಟ್ಟಲಿಲ್ಲ.

"ಇಲ್ಲಿ ಮಾಡೋದೆಲ್ಲ ಅಂದಕ್ಕೆ. ಕಾರ್ಡಿನವರು ಅಂದಕ್ಕೆ ಕೊಡಲ್ಲ" ಅಂದಳು.

"ನಂದು ಅಂದಕ್ಕಲ್ಲ. ಕಣ್ಣು ಮುಚ್ಚವಲ್ದು."

"ಕಣ್ಣು ಮುಚ್ಚೋದು ಅಗತ್ಯದ ಲೆಕ್ಕಕ್ಕೆ ಬರುತ್ತೆ. ಅಗತ್ಯ ನಾವು ಮಾಡಲ್ಲ."

ಕಾರ್ಡಿನ ಹಿಂದೆ ಒಂದು ಫೋನ್ ನಂಬರು ಇತ್ತು. ಭಟ್ಟಿಯ ಮುಂದಿನ ಅಂಗಡಿಯಿಂದ ಮಾಡಿದೆ. ಬಹಳ ಹೊತ್ತು ಹಾಡು ಕೇಳಿಸಿ ಆಮೇಲೆ ಒಬ್ಬರು ನಮ್ಮೂರಿನ ಮೂರು ವಿಳಾಸ ಹೇಳಿದರು. ಮೂವರೂ ಕಾರ್ಡು ಒಪ್ಪುವ ಪ್ಲಾಸ್ಟಿಕ್ ಸರ್ಜನ್ನರು ಎಂದರು. ನಮ್ಮೂರಿಗೆ ಮೂವರು ಎಂದು ಕೇಳಿ ನನಗೆ ಹೆಮ್ಮೆಯೇ ಆಯಿತು.

ಮೊದಲನೆಯ ವಿಳಾಸದಲ್ಲಿ ಟೈಲ್ಸ್ ಅಂಗಡಿ ಇತ್ತು. ಮಾಲೀಕ ನನ್ನ ಕೈಯಲ್ಲಿದ್ದ ಕಾರ್ಡು ನೋಡಿದ ಕೂಡಲೇ ಎದ್ದು ಕುರ್ಚಿ ಹಾಕಿದ. "ಅಪ್ಪ ತೀರ್ಕೊಂಡು ಆರು ವರ್ಷ ಆತಮ್ಮ. ಪಟ್ಟಿಯಿಂದ ಹೆಸರು ತೆಗೀರಿ ಅಂತ ನಾಲ್ಕು ಸಲ ಬರ್ದೀನಿ. ವಾರಕ್ಕೆ ಇಬ್ರಾದ್ರೂ ಬರ್ತಾರೆ. ಚಹಾ ಕುಡಿದು ಹೋಗ್ರಿ" ಅಂದ. ಕುಡಿದೆ. ಎರಡನೆಯವರು ದನದ ಡಾಕ್ಟರು. ಅವರು ನನ್ನ ಕುತ್ತಿಗೆಯನ್ನು ಆಸೆಯಿಂದ ನೋಡಿ, "ಎಮ್ಮೆಯಾಗಿದ್ರೆ ಇವತ್ತೇ ಶುರು ಮಾಡ್ತಿದ್ದೆ" ಎಂದು ನಿಟ್ಟುಸಿರು ಬಿಟ್ಟರು.

ಮೂರನೆಯ ವಿಳಾಸ ಎಣ್ಣೆ ಮಿಲ್ಲಿನ ಹಿಂದಿನ ಓಣಿಯಲ್ಲಿತ್ತು. ನಮ್ಮನೆಯವರ ಹತ್ತಿಮೂಟೆ ತರಲು ಆ ಓಣಿಯಲ್ಲಿ ನಾನು ನೂರು ಸಲ ಓಡಾಡಿದ್ದೆ. ಅಲ್ಲೊಂದು ಸಣ್ಣ ಬೋರ್ಡು: 'ಡಾ. ಮೈಥಿಲಿ. ಕೈ, ತುಟಿ, ಸುಟ್ಟ ಗಾಯ. ಕಾರ್ಡಿನವರು ಬುಧವಾರ ಬರಬೇಕು.' ಪ್ಲಾಸ್ಟಿಕ್ ಎಂಬ ಮಾತು ಎಲ್ಲೂ ಇರಲಿಲ್ಲ. ಅವತ್ತು ಸೋಮವಾರ. ಬುಧವಾರ ಮತ್ತೆ ರಜೆ ಹೇಳಿ ಹೋದೆ.

ಡಾಕ್ಟರಮ್ಮನಿಗೆ ಐವತ್ತರ ಮೇಲಿರಬೇಕು. ಎಲ್ಲಿಂದಲೋ ಬಂದು ಹದಿನೈದು ವರ್ಷದಿಂದ ನಮ್ಮೂರಲ್ಲಿದ್ದರು. ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಗದ್ದ ಎತ್ತಿಸಿದರು, ಕತ್ತು ತಿರುಗಿಸಿದರು, ಕಣ್ಣು ಮುಚ್ಚಿ ಅಂದರು. ಮುಚ್ಚಿದೆ. "ಎರಡೂ" ಅಂದರು. ನಾನು ಎರಡನ್ನೂ ಮುಚ್ಚಿದ್ದೇನೆ ಎಂದುಕೊಂಡಿದ್ದೆ. ಬಲಗಡೆ ಕಿಟಕಿ ಕಾಣುತ್ತಲೇ ಇತ್ತು.

"ಹೆಂಗೈತ್ರಿ ಮೇಡಮ್ಮಾರೆ?" ಎಂದು ಕೇಳಿದೆ.

"ಮುಖ ಹೇಗಿದೆ ಅಂತ ನಾನು ಹೇಳೋ ಹಾಗಿಲ್ಲಮ್ಮ. ಬಂದ ಹೊಸದರಲ್ಲಿ ಒಬ್ಬರಿಗೆ ಹೇಳಿ, ಅವರ ಅತ್ತೆ ಕೈಲಿ ಏಟು ತಿಂದಿದ್ದೀನಿ. ಏನು ಮಾಡಬೇಕು ಅನ್ನೋದನ್ನ ಹೇಳ್ತೀನಿ. ರೆಪ್ಪೆ ಕೆಳಗೆ ಎಳೆದುಕೊಂಡಿದೆ, ಕಣ್ಣು ಒಣಗ್ತಾ ಇದೆ. ಇನ್ನು ಆರು ತಿಂಗಳು ಹೀಗೇ ಬಿಟ್ರೆ ಆ ಕಣ್ಣಲ್ಲಿ ಏನೂ ಕಾಣಲ್ಲ. ಎಡಗಿವಿಯ ಹಿಂದಿನಿಂದ ಚೂರು ಚರ್ಮ ತೆಗೆದು ರೆಪ್ಪೆಗೆ ಹಾಕ್ತೀನಿ. ತೊಡೆಯಿಂದ ತೆಗೆದದ್ದು ಕುತ್ತಿಗೆಗೆ."

"ಕಾರ್ಡು ನಡೀತೈತೇನ್ರಿ?"

"ನಡೆಯುತ್ತೆ. ಅವರು ಇದನ್ನ ಅಗತ್ಯ ಅಂತ ಒಪ್ಪಿದರೆ."

ಒಪ್ಪುವುದಕ್ಕೆ ಎರಡು ಕಾಗದ ಬೇಕಾಗಿತ್ತು. ಒಂದು ಡಾಕ್ಟರ ವರದಿ. ಅದನ್ನು ಅವರು ಅಲ್ಲೇ ಬರೆದುಕೊಟ್ಟರು, ನನಗೆ ಓದಲು ಬಾರದ ಹಾಗೆ. ಇನ್ನೊಂದು ಚಹರೆ ವರದಿ. ಬೇರೆ ಊರುಗಳಲ್ಲಿ ಫೋಟೋ ಲಗತ್ತಿಸುತ್ತಾರಂತೆ. ನಮ್ಮಲ್ಲಿ ರೋಗಿಯ ಮುಖ ಹೇಳುವವರು ಪುರಸಭೆಗೆ ಬಂದು, ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ಗುಮಾಸ್ತರ ಮುಂದೆ ಬಾಯಿಬಿಟ್ಟು ಹೇಳಬೇಕು. ಎರಡೂ ತಾಳೆಯಾಗಬೇಕು.

ನಮ್ಮನೆಯವರಿಗೆ ಹೇಳಿದಾಗ ಅವರು ಯಾವತ್ತು ಬರಬೇಕು ಎಂದಷ್ಟೇ ಕೇಳಿದರು. ಆ ದಿನ ಒಗೆದ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು.

ಚಹರೆ ಗುಮಾಸ್ತರ ಹೆಸರು ರುದ್ರಮುನಿ. ದಪ್ಪ ಕನ್ನಡಕ, ತೆಳ್ಳನೆಯ ಮನುಷ್ಯ. ನಮೂನೆ ಹರಡಿಕೊಂಡು ಪೆನ್ನು ಹಿಡಿದರು. "ಹೇಳ್ರಿ ಸಾಹೇಬರ."

ನಮ್ಮನೆಯವರು ಗಂಟಲು ಸರಿಮಾಡಿಕೊಂಡರು. "ಬಲಗೆನ್ನೆ ಮೇಲೆ ಒಂದು ಕಲೆ ಐತ್ರಿ. ಹುಣಸೆ ಎಲೆಯಷ್ಟು."

ರುದ್ರಮುನಿ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ನಮ್ಮನೆಯವರನ್ನು ನೋಡಿದರು. ಪೆನ್ನು ಕಾಗದದ ಮೇಲೆ ಗೇಣು ಎತ್ತರದಲ್ಲೇ ನಿಂತಿತ್ತು.

"ಇನ್ನೇನಾರ ಐತೇನ್ರಿ?"

"ಅಷ್ಟೇ ರೀ."

"ಕಣ್ಣಿನ ಕಡೆ ಏನಾರ?"

"ಏನಿಲ್ರಿ."

"ನಾನು ಹಂಗೆ ಕೇಳಬಾರದು. ಆದ್ರೂ ಕೊನೇ ಸಲ ಕೇಳ್ತೀನಿ. ಇನ್ನೇನಾರ ಐತೇನ್ರಿ?"

"ಉಳಿದಿದ್ದು ಮೊದಲಿನಂಗೆ ಐತ್ರಿ" ಎಂದು ನಮ್ಮನೆಯವರು ಮೇಜಿನ ಕಾಲು ನೋಡಿಕೊಂಡು ಹೇಳಿದರು.

ಅವರು ಹೇಳಿದ್ದನ್ನೇ ಬರೆಯಬೇಕು ಎಂಬುದು ಕಾನೂನು. ರುದ್ರಮುನಿ ನಿಧಾನವಾಗಿ ಬರೆದರು. 'ಹುಣಸೆ ಎಲೆ' ಎಂಬ ಎರಡು ಶಬ್ದ ಬರೆಯಲು ಒಬ್ಬ ಮನುಷ್ಯನಿಗೆ ಅಷ್ಟು ಹೊತ್ತು ಹಿಡಿದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವರ ಕೈಯನ್ನು ನೋಡುತ್ತ ಕೂತಿದ್ದಾಗ ನನಗೆ ತಿಳಿಯಿತು. ಇನ್ನೊಬ್ಬರ ಮುಖ ನೋಡಿದರೆ ನಮ್ಮ ಮುಖ ಹೇಗಿದೆ ಎಂದು ಸ್ವಲ್ಪ ಗೊತ್ತಾಗಿಯೇ ಆಗುತ್ತದೆ. ಎರಡು ವರ್ಷ ನಾನು ಯಾರ ಮುಖವನ್ನೂ ಹಾಗೆ ನೋಡಿರಲಿಲ್ಲ.

ಒಂಬತ್ತನೆಯ ದಿನ ಉತ್ತರ ಬಂತು. ಎರಡು ವರದಿಗಳು ತಾಳೆಯಾಗದ ಕಾರಣ, ಸದರಿ ಚಿಕಿತ್ಸೆಯನ್ನು ಅಂದಕ್ಕಾಗಿ ಎಂದು ಪರಿಗಣಿಸಿ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಮೂವತ್ತು ದಿನದೊಳಗೆ ಒಂದೇ ಒಂದು ಸಲ ಚಹರೆ ತಿದ್ದಿ ಹೇಳಲು ಅವಕಾಶ ಉಂಟು.

ಕಾಗದ ಹಿಡಿದುಕೊಂಡು ನಮ್ಮನೆಯವರು ಕೆಲಸ ಮಾಡುತ್ತಿದ್ದಲ್ಲಿಗೇ ಹೋದೆ. ಯಾರದೋ ಮನೆಯಂಗಳದಲ್ಲಿ ಹಳೆಯ ಹಾಸಿಗೆ ಬಿಚ್ಚಿ ಹತ್ತಿ ಹಿಂಜುತ್ತಿದ್ದರು. ಮೀಸೆ ಹುಬ್ಬಿಗೆಲ್ಲ ಹತ್ತಿ ಮೆತ್ತಿಕೊಂಡಿತ್ತು. ಕಾಗದ ಓದಿ ಹೇಳಿದೆ. ಅವರು ಹಿಂಜುವುದನ್ನು ನಿಲ್ಲಿಸಲಿಲ್ಲ.

"ರೀ, ನನ್ನ ಮುಖ ಹೆಂಗೈತೆ?"

"ದಿನಾ ಹೇಳ್ತೀನಲ್ಲ."

"ದಿನಾ ಹೇಳೋದು ಬ್ಯಾಡ. ಇವತ್ತಿಂದು ಹೇಳ್ರಿ. ಆರು ತಿಂಗಳಿಗೆ ಕಣ್ಣು ಹೋಗುತ್ತೆ ಅಂದಾರೆ ಡಾಕ್ಟರಮ್ಮ. ಹೋದ ಮೇಲೂ ಹುಣಸೆ ಎಲೆ ಅಂತೀರೇನು?"

ಕೈ ನಿಂತಿತು. ಹತ್ತಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.

"ಅವತ್ತು ಪಟ್ಟಿ ಬಿಚ್ಚಿದ್ರಲ್ಲ," ಅಂದರು. "ನೀನು ಹೆಂಗೈತೆ ಅಂತ ಕೇಳ್ದೆ. ನನಗೆ ಏನ್ ಹೇಳ್ಬೇಕೋ ತಿಳೀಲಿಲ್ಲ. ಕಿಟಕಿ ಹೊರಗೆ ಹುಣಸೆ ಮರ ಇತ್ತು. ಬಾಯಿಗೆ ಅದು ಬಂತು. ನಾಳೆ ಸರಿಯಾಗಿ ಹೇಳಿದ್ರಾತು ಅಂದ್ಕೊಂಡೆ. ಮಾರನೇ ದಿನ ನೀನು ಮತ್ತೆ ಕೇಳ್ದೆ. ನಿನ್ನೆ ಹುಣಸೆ ಎಲೆ ಇದ್ದಿದ್ದು ಇವತ್ತು ಬಾಳೆ ಎಲೆ ಅನ್ನಕ್ಕಾಗುತ್ತಾ?"

"ದಿನಾ ಸ್ವಲ್ಪ ಸ್ವಲ್ಪ ದೊಡ್ಡದು ಮಾಡಬಹುದಿತ್ತು."

"ಅದನ್ನೂ ಯೋಚನೆ ಮಾಡಿದ್ದೆ. ನೀನು ಭಟ್ಟಿಗೆ ಹೊಂಟಿದ್ದೆ. ಬುತ್ತಿ ಕಟ್ಕೊಂಡು, ಗಂಗವ್ವನ್ನ ಕೂಗ್ಕೊಂಡು ಹೋಗ್ತಿದ್ದೆ. ಇವಳು ಹೋಗ್ಲಿ ಬಿಡು ಅನ್ನಿಸ್ತು."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸುಳ್ಳು ಹೇಳಿದ್ದಕ್ಕಲ್ಲ. ಎರಡು ವರ್ಷ ನಾನಿದ್ದ ಮುಖವನ್ನು ಊರೆಲ್ಲ ನೋಡಿತ್ತು. ಟೈಲ್ಸ್ ಅಂಗಡಿಯವನು ನೋಡಿದ್ದ, ದನದ ಡಾಕ್ಟರು ನೋಡಿದ್ದರು. ಅದು ಗೊತ್ತಿಲ್ಲದೆ ತಿರುಗಿದವಳು ನಾನೊಬ್ಬಳೇ. ಹಾಗೆಂದು ಅವರಿಗೆ ಹೇಳಿದೆ. ಅವರು ತಲೆ ತಗ್ಗಿಸಿ ಬೆರಳಿಗೆ ಸುತ್ತಿಕೊಂಡ ಹತ್ತಿಯನ್ನು ಬಿಡಿಸುತ್ತ ಕೂತರು. ಆ ಮನೆಯಾಕೆ ಬಾಗಿಲಿಗೆ ಬಂದು ಹಾಸಿಗೆ ಇವತ್ತು ಮುಗಿಯುತ್ತದೋ ಇಲ್ಲವೋ ಎಂದು ಕೇಳಿದಳು. "ಮುಗೀತೈತ್ರಿ" ಅಂದರು.

ಎರಡನೆಯ ಸಲ ಪುರಸಭೆಗೆ ಹೋದೆವು. ರುದ್ರಮುನಿ ಹೊಸ ನಮೂನೆ ತೆಗೆದು, ಈ ಸಲ ಹೇಳಿದ್ದೇ ಕಡೆ, ಮತ್ತೆ ತಿದ್ದಲಿಕ್ಕೆ ಬರುವುದಿಲ್ಲ ಎಂದು ಓದಿ ಹೇಳಿದರು. ನಿಯಮದ ಪ್ರಕಾರ ನಾನು ಎದುರಿಗೆ ಕೂತೆ. ಇದ್ದ ಕುರ್ಚಿ ಒಂದೇ. ನಮ್ಮನೆಯವರು ನಿಂತುಕೊಂಡೇ ಶುರು ಮಾಡಿದರು.

"ಬಲಗಿವಿಯಿಂದ ಹೇಳ್ತೀನ್ರಿ. ಓಲೆ ಹಾಕೋ ಜಾಗ ಇಲ್ಲ. ಕರಗಿ ಹೋಗೈತೆ. ಕಿವಿ ಬುಡದಿಂದ ಗದ್ದದ ತನಕ ಚರ್ಮ ಗಂಟಾಗೈತೆ. ಹಾಸಿಗೆ ಹೊಲಿಯೋವಾಗ ದಾರ ಜೋರಾಗಿ ಎಳೆದ್ರೆ ಬಟ್ಟೆ ನೆರಿಗೆ ಬೀಳುತ್ತಲ್ರಿ, ಹಂಗೆ. ಗದ್ದದಿಂದ ಕೆಳಗೆ ಮೂರು ಹುರಿ ಐದಾವೆ. ಒಂದು ನನ್ನ ಹೆಬ್ಬೆರಳಷ್ಟು ದಪ್ಪ. ಅವು ಭುಜದ ಕಡೆ ಜಗ್ಗತಾವೆ. ಅದಕ್ಕೇ ಇವಳ ಕತ್ತು ಬಲಕ್ಕೆ ವಾಲೈತೆ. ಯಾರೋ ಏನೋ ಹೇಳ್ತಾರೆ ಅಂತ ಕಿವಿ ಕೊಟ್ಟಂಗೆ ಕಾಣ್ತಾಳೆ."

"ಸ್ವಲ್ಪ ನಿಧಾನ ಹೇಳ್ರಿ" ಅಂದರು ರುದ್ರಮುನಿ. "ಬಣ್ಣ?"

"ಕೆಲವು ಕಡೆ ಬದನೆಕಾಯಿ. ಕೆಲವು ಕಡೆ ಹಾಲಿನ ಕೆನೆ. ಬಿಸಿಲಿಗೆ ಹೋಗಿ ಬಂದ್ರೆ ಬದನೆಕಾಯಿ ಜಾಸ್ತಿ."

"ಅಳತೆ?"

"ನನ್ನ ಅಂಗೈ ಇಟ್ಟರೆ ಮುಚ್ಚಲ್ಲ. ಎರಡು ಅಂಗೈ ಬೇಕು."

ನಾನು ಕೈಯನ್ನು ಕೆನ್ನೆಯ ಮೇಲಿಟ್ಟುಕೊಂಡು ಅವರು ಹೇಳಿದ ಕಡೆಗೆಲ್ಲ ಬೆರಳು ಸರಿಸುತ್ತ ಹೋದೆ. ಎಲ್ಲ ಹೇಳಿದಲ್ಲೇ ಇತ್ತು.

"ತುಟಿಯ ಬಲತುದಿ ಕೆಳಗೆ ಇಳಿದೈತೆ. ಒಂದು ಹಲ್ಲು ಯಾವಾಗ್ಲೂ ಕಾಣುತ್ತೆ. ಮಜ್ಜಿಗೆ ಕುಡಿದ್ರೆ ಸೋರುತ್ತೆ, ಇವಳು ಸೆರಗಲ್ಲಿ ಒರೆಸ್ಕೊಳ್ತಾಳೆ. ಬಲಗಣ್ಣಿನ ಕೆಳರೆಪ್ಪೆ ಹೊರಕ್ಕೆ ಮಡಚೈತೆ, ಒಳಗಿನ ಕೆಂಪು ಕಾಣುತ್ತೆ. ಕಣ್ಣು ಮುಚ್ಚಲ್ಲ. ಇವಳು ಮಲಗಿದ ಮೇಲೆ ನಾನು ಒದ್ದೆ ಬಟ್ಟೆ ಹಾಕ್ತೀನಿ. ಅದು ಆರಿದ ಮೇಲೆ ಮತ್ತೆ ಒದ್ದೆ ಮಾಡಿ ಹಾಕ್ತೀನಿ. ಇವಳು ಏಳೋದ್ರೊಳಗೆ ತೆಗೀತೀನಿ."

ಪೆನ್ನು ನಿಂತಿತು. ನನ್ನ ಬೆರಳೂ ನಿಂತಿತು.

"ಎಷ್ಟು ದಿನದಿಂದ?" ಎಂದು ರುದ್ರಮುನಿ ಕೇಳಿದರು.

"ಪಟ್ಟಿ ಬಿಚ್ಚಿದಾಗಿಂದ."

"ಇದಕ್ಕೆ ನಮೂನೇಲಿ ಕಲಮು ಇಲ್ಲ. 'ಕಣ್ಣು ಮುಚ್ಚುವುದಿಲ್ಲ' ಅಂತಷ್ಟೇ ಬರ್ಕೊಳ್ತೀನಿ."

"ಬರ್ಕೊಳ್ರಿ. ಎಡಗೆನ್ನೆ ಹೇಳ್ಲೇನ್ರಿ?"

"ಎಡಗೆನ್ನೆಗೆ ಏನಾಗೈತೆ?"

"ಏನೂ ಆಗಿಲ್ರಿ. ಚಲೋ ಐತೆ."

"ಹಂಗಾರೆ ಅದು ಬ್ಯಾಡ."

ನಮ್ಮನೆಯವರ ಹಣೆಯೆಲ್ಲ ಬೆವೆತಿತ್ತು. ನಮೂನೆಯ ಕೆಳಗೆ ಹೆಬ್ಬೆಟ್ಟು ಒತ್ತಿ, ಮಸಿ ಒರೆಸಿಕೊಳ್ಳಲು ಎಲ್ಲಿ ಎಂದು ಹುಡುಕಿದರು. ನಾನು ಸೆರಗು ಕೊಟ್ಟೆ. ಹೊರಗೆ ಬಂದ ಮೇಲೆ, "ಎಡಗೆನ್ನೆ ಹೇಳ್ರಿ" ಅಂದೆ. ಪುರಸಭೆಯ ಮೆಟ್ಟಿಲ ಮೇಲೆ ನಿಂತು ಹೇಳಿದರು. ಅದು ನನಗೂ ಅವರಿಗೂ ಇರಲಿ.

ಹನ್ನೆರಡು ದಿನಕ್ಕೆ ಕಾರ್ಡಿನ ಆಫೀಸಿನಿಂದ 'ಅಗತ್ಯ' ಎಂಬ ಮುದ್ರೆ ಬಿದ್ದು ಬಂತು. ಅದನ್ನು ಓದಿದ ಡಾಕ್ಟರಮ್ಮ, ಜೊತೆಗೆ ಲಗತ್ತಿಸಿದ್ದ ಚಹರೆ ವರದಿಯನ್ನೂ ಓದಿದರು. "ಇದನ್ನ ಹೇಳಿದ್ದು ನಿಮ್ಮ ಯಜಮಾನರಾ? ಮೂರು ಹುರಿ ಅಂತ ನಾನೇ ಎಣಿಸಿರಲಿಲ್ಲ" ಅಂದರು. ಆಮೇಲೆ ಕಿಟಕಿಯ ಬೆಳಕಿಗೆ ಕೂರಿಸಿ ಎಣಿಸಿದರು. ಮೂರೇ ಇದ್ದವು.

ಆಪರೇಷನ್ ಎರಡು ಸಲ ಆಯಿತು. ಮೊದಲು ಕುತ್ತಿಗೆ, ಹದಿನೆಂಟು ದಿನ ಬಿಟ್ಟು ರೆಪ್ಪೆ. ಕುತ್ತಿಗೆ ಹಾಗೇ ನೆಟ್ಟಗೆ ನಿಲ್ಲಲಿ ಎಂದು ಗಟ್ಟಿ ಪಟ್ಟಿ ಕಟ್ಟಿದ್ದರು. ತೊಡೆ ಮಾತ್ರ ಕುತ್ತಿಗೆಗಿಂತ ಹೆಚ್ಚು ನೋಯುತ್ತಿತ್ತು. ಇಲ್ಲದ ಕಡೆಗೆ ಕೊಟ್ಟು ತಾನು ಉರಿಯುತ್ತ ಬಿದ್ದಿತ್ತು ಪಾಪ. ಗಂಗವ್ವ ಎರಡು ದಿನಕ್ಕೊಮ್ಮೆ ಬಂದು ಭಟ್ಟಿಯ ಸುದ್ದಿ ಹೇಳಿ ಹೋಗುತ್ತಿದ್ದಳು. ನನ್ನ ಮುಖದ ವಿಷಯಕ್ಕೆ ಬಂದರೆ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. "ಒಂದ್ಸಲ ಹೇಳಿದ್ದೇ ಸಾಕು, ತಾಯಿ" ಎನ್ನುತ್ತಿದ್ದಳು.

ಕಣ್ಣಿನ ಪಟ್ಟಿ ಬಿಚ್ಚಿದ್ದು ಒಂದು ಬುಧವಾರ, ಕುತ್ತಿಗೆಯದನ್ನು ಅದಕ್ಕೂ ಮೊದಲೇ ತೆಗೆದಿದ್ದರು. ಹೊರಗೆ ಕಾರ್ಡಿನವರ ಸಾಲು ಇತ್ತು. ಡಾಕ್ಟರಮ್ಮ ಕಣ್ಣು ಮುಚ್ಚಿ ಅಂದರು. ಮುಚ್ಚಿದೆ. ಕಿಟಕಿ ಹೋಯಿತು, ಡಾಕ್ಟರಮ್ಮ ಹೋದರು. ಎರಡೂ ಕಡೆ ಕತ್ತಲೆ. ಅಷ್ಟು ಚಂದವಾಗಿ ಕತ್ತಲಾಗುತ್ತದೆ ಎಂಬುದನ್ನೇ ನಾನು ಮರೆತಿದ್ದೆ. ಸಾಕು ತೆರೆಯಿರಿ ಎಂದು ಅವರು ಮೂರು ಸಲ ಹೇಳಬೇಕಾಯಿತು.

"ಹೆಂಗೈತ್ರೀ?" ಎಂದು ನಮ್ಮನೆಯವರನ್ನು ಕೇಳಿದೆ.

ಅವರು ಹತ್ತಿರ ಬಂದು, ಸುತ್ತ ತಿರುಗಿ, ಡಾಕ್ಟರಮ್ಮನಿಗೆ ಬೇಸರವಾದೀತು ಎಂಬುದನ್ನೂ ನೋಡದೆ ಹೇಳಿದರು. "ತೇಪೆ ಹಾಕಿದಂಗೆ ಐತೆ. ಕುತ್ತಿಗೆ ಮೇಲಿಂದು ಬೇರೆ ಬಣ್ಣ, ಅಂಚು ಎದ್ದು ಕಾಣುತ್ತೆ. ಕೆನ್ನೆಯ ಗಂಟು ಹಂಗೇ ಐತೆ. ಹಲ್ಲು ಇನ್ನೂ ಸ್ವಲ್ಪ ಕಾಣುತ್ತೆ. ರೆಪ್ಪೆ ಊದೈತೆ, ಆದ್ರೆ ಮುಚ್ಚಿತು. ಪೂರ್ತಿ ಮುಚ್ಚಿತು. ಕತ್ತು ನೆಟ್ಟಗಾಗೈತೆ. ಈಗ ಯಾರ ಮಾತೂ ಕೇಳಿಸ್ಕೊಳ್ಳೋಳ ಹಂಗೆ ಕಾಣಲ್ಲ."

"ಅಂಚು ಒಂದು ವರ್ಷಕ್ಕೆ ಸ್ವಲ್ಪ ಕೂತ್ಕೊಳ್ಳುತ್ತೆ" ಅಂದರು ಡಾಕ್ಟರಮ್ಮ.

"ಕೂತ ಮೇಲೆ ಕೂತೈತೆ ಅಂತ ಹೇಳ್ತೀನ್ರಿ" ಅಂದರು ನಮ್ಮನೆಯವರು.

ಹೊರಗೆ ಓಣಿಯ ತುದಿಯಲ್ಲಿ ಚಹಾದ ಅಂಗಡಿ ಇದೆ. ಎಣ್ಣೆ ಮಿಲ್ಲಿನ ಹಮಾಲರು ಅಲ್ಲಿಗೆ ಬರುತ್ತಾರೆ. ಬೆಂಚಿನ ಮೇಲೆ ಇಬ್ಬರೂ ಕೂತೆವು. ಬಲಗಡೆಯಿಂದ ಕುಡಿದು ನೋಡಿದೆ. ಸೋರಿತು, ಆದರೆ ಮೊದಲಿಗಿಂತ ಕಡಿಮೆ. ನಮ್ಮನೆಯವರು ತಮ್ಮ ಲೋಟವನ್ನು ಮುಟ್ಟಿರಲಿಲ್ಲ.

"ಹುಸೇನಬಿ, ನಂದು ಹೆಂಗೈತೆ?"

"ನಿನ್ನೆಯಂಗೇ ಐತ್ರಿ."

"ನಿನ್ನೆ ಹೆಂಗಿತ್ತು?"

"ಮೊನ್ನೆಯಂಗೆ."

"ಇಪ್ಪತ್ತೆರಡು ವರ್ಷದಿಂದ ನಿನ್ನೆಯಂಗೆ ಅಂತೀಯ. ಲಗ್ನದ ಮಾರನೇ ದಿನ 'ಚಲೋ ಐತೆ' ಅಂದಿದ್ದೆ. ಅದಾದ ಮೇಲೆ ಬಿಡಿಸಿ ನಾನೂ ಕೇಳಿಲ್ಲ, ನೀನೂ ಹೇಳಿಲ್ಲ. ನಾನು ಹೇಳಿದಂಗೆ ನೀನೂ ಹೇಳು ಈಗ. ಒಂದೂ ಬಿಡಬ್ಯಾಡ."

ನಾನು ಲೋಟ ಕೆಳಗಿಟ್ಟು ಎಡಗಡೆ ಕೂತಿದ್ದ ಅವರ ಕಡೆಗೆ ತಿರುಗಿದೆ. ಕತ್ತಷ್ಟನ್ನೇ ತಿರುಗಿಸಿದೆ, ಮೈ ತಿರುಗಿಸುವುದು ಬೇಕಾಗಲಿಲ್ಲ. ತಲೆಯಿಂದ ಶುರು ಮಾಡಿದೆ. ಮುಂದಿನ ಕೂದಲು ನಾಲ್ಕು ಬೆರಳು ಹಿಂದೆ ಹೋಗೈತೆ ಎಂದೆ. ಹುಬ್ಬು ಎರಡೂ ಒಂದೇ ಅಳತೆಯವಲ್ಲ, ಎಡಗಡೆಯದು ಅರ್ಧಕ್ಕೇ ಮುಗಿಯುತ್ತದೆ. ಕಿವಿಯಲ್ಲಿ ಕೂದಲು ಬೆಳೆದೈತೆ, ಅದರಲ್ಲಿ ಹತ್ತಿ ಸಿಕ್ಕಿಕೊಂಡರೆ ನೀವು ಕಿವುಡರಾದಂತೆ ಆಡುತ್ತೀರಿ. ಕೆನ್ನೆ ಒಳಗೆ ಹೋಗೈತೆ, ಎರಡು ವರ್ಷದಿಂದ ಜಾಸ್ತಿ ಹೋಗೈತೆ. ಕಣ್ಣಿನ ಕೆಳಗೆ ಕಪ್ಪು ಐತೆ, ಅದು ಯಾಕೆ ಬಂತೆಂದು ನನಗೆ ಈಗ ಗೊತ್ತಾಗೈತೆ. ಮೂಗು ದೊಡ್ಡದು. ಬಹಳ ದೊಡ್ಡದು. ಮೇಲೆ ನೆಟ್ಟಗೆ ಹೊರಟು ನಡುವೆ ಮನಸ್ಸು ಬದಲಾಯಿಸಿ ಎಡಕ್ಕೆ ತಿರುಗೈತೆ. ಲಗ್ನದ ದಿನ ಮೊದಲು ಕಂಡಿದ್ದು ಅದೇ. ಸೆರಗು ಬಾಯಿಗೆ ಒತ್ತಿಕೊಂಡಿದ್ದು ನಾಚಿಕೆಗಲ್ಲ, ನಗು ತಡೆಯಲಿಕ್ಕೆ. ಆಮೇಲೆ ಅಂಥ ಮೂಗು ಬೇರೆ ಯಾರಿಗೂ ಇಲ್ಲವಲ್ಲ ಎಂದು ನೋಡಿಕೊಂಡೆ. ಜಾತ್ರೆಯ ಜನದಲ್ಲಿ ದೂರದಿಂದಲೇ ಗುರುತು ಸಿಗುತ್ತೀರಿ.

ಹಮಾಲರು ಇಬ್ಬರು ಚಹಾ ಕುಡಿಯುವುದನ್ನು ಬಿಟ್ಟು ಕೇಳಿಸಿಕೊಳ್ಳುತ್ತಿದ್ದರು. ಬೇರೆಯವರ ಮುಖದ ಮಾತು ಕೇಳಬಾರದು ಎಂದು ನೆನಪಾಗಿ ಆ ಕಡೆ ತಿರುಗಿ ಕೂತರು. ನಮ್ಮನೆಯವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಚಹಾದ ಮೇಲೆ ಕೆನೆ ಕಟ್ಟಿತ್ತು.

"ಮೂಗಿಂದು ಇನ್ನೊಂದ್ಸಲ ಹೇಳು" ಅಂದರು.